ಗಿರಣಿ ಗೋಡೆಯ ಮೇಲೆ ಗುಂಡವ್ವ

ಸಿಂದಗಿಯಲ್ಲಿ ಗೋಡೆಯ ಮೇಲೆ ನಿಮ್ಮ ಮುಖ ಬರಬೇಕೆಂದರೆ ಚುನಾವಣೆಗೆ ನಿಲ್ಲಬೇಕು. ಇಲ್ಲವೇ ಹಿಂದೆ ಮುಂದೆ ಹುಡುಗರನ್ನು ಕಟ್ಟಿಕೊಂಡು ಹುಟ್ಟುಹಬ್ಬ ಮಾಡಿಸಿಕೊಳ್ಳಬೇಕು. ಅದೂ ಆಗದಿದ್ದರೆ ಸಾಯಬೇಕು. ಬಸ್ಸಿನಿಂದಿಳಿದು ಊರೊಳಗೆ ಒಂದು ಸುತ್ತು ಹಾಕಿ ಬನ್ನಿ, ಈ ಮಾತು ಸುಳ್ಳಾದರೆ ಆಮೇಲೆ ಕೇಳಿ. ಗೆದ್ದವಳಲ್ಲ, ಸತ್ತವಳಲ್ಲ, ಬೀದಿಯಲ್ಲಿ ಕುಳಿತು ಕಾಯಿಪಲ್ಲೆ ಮಾರುವ ಒಬ್ಬ ಮುದುಕಿಯ ಮುಖವನ್ನು ಬಸ್ಸಿನಷ್ಟು ದೊಡ್ಡದಾಗಿ ಗೋಡೆಗೇರಿಸಿದವಳು ಫಿರದೋಸ ಒಬ್ಬಳೇ. ಅದಕ್ಕಾಗಿ ಅವಳು ಅನುಭವಿಸಿದ್ದೇನು ಕಡಿಮೆಯಲ್ಲ, ಆದರೆ ಆ ಹೆಣ್ಣುಮಗಳು ಬಗ್ಗುವ ಪೈಕಿಯೂ ಅಲ್ಲ.

ಫಿರದೋಸ ಪೇಂಟರ್ ಜೈನುದ್ದೀನನ ಮಗಳು. ಈ ಸೀಮೆಯ ಟ್ರ್ಯಾಕ್ಟರ್ ಟ್ರೇಲರುಗಳ ಹಿಂಬದಿಯೆಲ್ಲ ಜೈನುದ್ದೀನನ ರಾಜ್ಯ. ಬಾಗೇವಾಡಿ ಕಡೆಯವರಿಗೆ ಬಸವಣ್ಣ, ಲಚ್ಯಾಣದವರಿಗೆ ಮಠದ ಅಜ್ಜಾರು, ದರ್ಗಾಕ್ಕೆ ನಡೆದುಕೊಳ್ಳುವವರಿಗೆ ಹಸಿರು ಗುಮ್ಮಟ, ಏನು ಬೇಕೆಂದು ಗೊತ್ತಿಲ್ಲದವರಿಗೆ ಎರಡು ನವಿಲು. “ದೇವರು ಯಾರದ್ದರ ಇರಲಿ, ಮೂಗು ನೆಟ್ಟಗ ಬರಬೇಕು,” ಎನ್ನುತ್ತಿದ್ದ. ಅಕ್ಷರ ಬರೆಯುವ ಮುಂಚೆ ಬೋರ್ಡಿನ ಮೇಲೆ ಗೆರೆ ಬೀಳಲು ಸುಣ್ಣ ಹಚ್ಚಿದ ದಾರ ಎಳೆದು ಬಿಡುತ್ತಾರಲ್ಲ, ಆ ದಾರದ ಇನ್ನೊಂದು ತುದಿ ಹಿಡಿದು ಬೆಳೆದವಳು ಫಿರದೋಸ. ಅವಳ ಫ್ರಾಕುಗಳಲ್ಲಿ ಬಣ್ಣದ ಕಲೆಯಿಲ್ಲದ್ದು ಒಂದೂ ಇರಲಿಲ್ಲ. ಈದ್ ಹಬ್ಬಕ್ಕೆ ಹೊಲಿಸಿದ್ದೂ ಸಂಜೆಯೊಳಗೆ ಹಾಳಾಗುತ್ತಿತ್ತು.

ಆಮೇಲೆ ಫ್ಲೆಕ್ಸ್ ಬಂತು. ಸಂಜೆ ಫೋಟೊ ಕೊಟ್ಟರೆ ಬೆಳಗ್ಗೆ ಆಳೆತ್ತರದ ಮುಖ ಕಂಬಕ್ಕೆ ಜೋತುಬೀಳುವ ಕಾಲ. ಅಂಗಡಿಯ ಬೋರ್ಡುಗಳೆಲ್ಲ ಜೈನುದ್ದೀನನ ಕೈಬಿಟ್ಟು ಹೋದವು. ಅವನು ಫ್ಲೆಕ್ಸಿನವನ ಜೊತೆ ಒಂದಷ್ಟು ದಿನ ಮಾತು ಬಿಟ್ಟ, ಸಿಟ್ಟು ತೀರಿದ ಮೇಲೆ ಟ್ರೇಲರು, ನಂಬರ್ ಪ್ಲೇಟು ಅಂತ ಸುಮ್ಮನಾದ. ಮಗಳು ಸುಮ್ಮನಾಗಲಿಲ್ಲ. ವಿಜಯಪುರಕ್ಕೆ ಹೋಗಿ ಚಿತ್ರಕಲೆ ಕಲಿತು ಬಂದಳು, ಊರಿನ ಖಾಸಗಿ ಸಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರಾದಳು. ಲಗ್ನವಾದದ್ದೂ ಎಂಥವನನ್ನು ಅಂತೀರಿ, ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ಆರಿಫನನ್ನು. ಎಷ್ಟೆತ್ತರದ ಗೋಡೆಯಾದರೂ ಹತ್ತಲು ಅಟ್ಟಣಿಗೆ ಮನೆಯಲ್ಲೇ ಇತ್ತು. ರಜೆ ಬಂದರೆ ಸಾಕು, ಗಂಡನ ಗಾಡಿಯಲ್ಲಿ ಕಬ್ಬಿಣದ ಪೈಪು, ಬಣ್ಣದ ಡಬ್ಬಿ ಹೇರಿಕೊಂಡು ಗೋಡೆ ಹುಡುಕಿಕೊಂಡು ಹೊರಡುತ್ತಿದ್ದಳು.

ಇಂಡಿಯಲ್ಲಿ ಒಂದು ಉದ್ದನೆಯ ಗೋಡೆಗೆ ಲಿಂಬೆಯ ತೋಟ ಬರೆದಳು. ಮುದ್ದೇಬಿಹಾಳದಲ್ಲಿ ಸಾಲೆಯ ಕಂಪೌಂಡಿಗೆ ಹಕ್ಕಿಗಳನ್ನು ಬರೆದಳು. ಎಲ್ಲರೂ ಚೆಂದ ಅಂದರು, ಅನ್ನದೆ ಏನು ಮಾಡಿಯಾರು, ಚೆಂದವೇ ಇತ್ತು. ಆದರೆ ಇಂಡಿಯಲ್ಲಿ ಒಬ್ಬ ಯಜಮಾನ “ಭಾರಿ ಆಗೇತ್ರಿ ಮೇಡಮ್ಮಾರ” ಎಂದು ಹೊಗಳುತ್ತಲೇ ಹಸಿ ಬಣ್ಣಕ್ಕೆ ಬೈಕು ಒರಗಿಸಿ ಚಹಾ ಕುಡಿಯಲು ಹೋದ. ಫಿರದೋಸಳಿಗೆ ಮೈಯೆಲ್ಲ ಉರಿಯಿತು. ಬಣ್ಣ ಕೆಟ್ಟದ್ದಕ್ಕಲ್ಲ. ತಾನು ಬರೆದದ್ದನ್ನು ಜನ ಒಂದು ಕ್ಷಣ ನೋಡಿ ಮುಂದೆ ಹೋಗುತ್ತಾರೆ, ಅದರಿಂದ ಆ ಜಾಗದಲ್ಲಿ ಏನೂ ಬದಲಾಗುವುದಿಲ್ಲ, ಅದನ್ನು ಅವಳಿಗೆ ಸಹಿಸಲಾಗಲಿಲ್ಲ.

ಆಗ ಸಿಂದಗಿಯ ಹತ್ತಿ ಗಿರಣಿಯ ಗೋಡೆ ಅವಳ ಪಾಲಿಗೆ ಬಂತು. ಗಿರಣಿ ಮುಚ್ಚಿ ಯಾವ ಕಾಲವಾಯಿತೋ, ರಸ್ತೆಗುಂಟ ಇದ್ದ ಅದರ ಗೋಡೆ ಮಾತ್ರ ಗಂಡಸರ ಉಪಯೋಗಕ್ಕೆ ನಿಂತಿತ್ತು. ಹೇಗೆ ಉಪಯೋಗ ಎಂದು ಬಿಡಿಸಿ ಹೇಳಬೇಕಿಲ್ಲ. ಹೆಣ್ಣುಮಕ್ಕಳು ಆ ಗೋಡೆಯ ಹತ್ತಿರ ಬಂದಕೂಡಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಣ್ಣು ನೆಲಕ್ಕೆ ಹಾಕಿ, ಓಡು ನಡಿಗೆಯಲ್ಲಿ ದಾಟಬೇಕು. ಮೂತ್ರಿಖಾನೆ ದೂರವೇನಿಲ್ಲ, ಒಂದು ತಿರುವು ದಾಟಿದರೆ ಇದೆ. ಆದರೆ ನಮ್ಮ ಗಂಡಸರಿಗೆ ಆ ಒಂದು ತಿರುವು ಕಾಶಿಯಷ್ಟು ದೂರ.

ವಾರ್ಡಿನ ಮೆಂಬರ್ ಅರುಣಕುಮಾರ ಅವಳನ್ನು ಗೋಡೆಯ ಮುಂದೆ ನಿಲ್ಲಿಸಿ, ತಾನು ಮೂಗಿಗೆ ಕರ್ಚೀಪು ಹಿಡಿದು ಹೇಳಿದ:

“ಈ ಗ್ವಾಡಿ ಮ್ಯಾಲ ದೇವರ ಚಿತ್ರ ಬರೀರಿ ಟೀಚರ್. ದೇವರಂದ್ರ ಮಂದಿ ಹೆದರ್ತಾರ.”

“ಹೆದರಿದ್ದು ನೋಡೇನಲ್ರಿ. ಹಿಂದ ದೇವರ ಟೈಲ್ಸ್ ಹಚ್ಚಿದ್ರಲ್ಲ, ಮಂದಿ ಏನ್ ಮಾಡಿದ್ರು? ನಾಕು ಹೆಜ್ಜಿ ಆಚಿಗೆ ಸರದು ನಿಂತ್ರು. ದೇವರ ಕಣ್ಣು ತಪ್ಪಸ್ತಾರ್ರಿ ಇವರು. ಗುಂಡವ್ವನ ಕಣ್ಣು ತಪ್ಪಸಾಕ ಆಗಂಗಿಲ್ಲ.”

“ಯಾವ ಗುಂಡವ್ವ?”

ಫಿರದೋಸ ರಸ್ತೆಯ ಆಚೆ ದಂಡೆಗೆ ಕೈ ತೋರಿಸಿದಳು. ಅಲ್ಲಿ ಬಿಸಿಲಿನಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಮೆಂತ್ಯ ರಾಜಗಿರಿಯ ಬುಟ್ಟಿ ಮುಂದಿಟ್ಟುಕೊಂಡು ಗುಂಡವ್ವ ಕುಳಿತಿದ್ದಳು. ದೇವಣಗಾಂವದಿಂದ ಸಿಂದಗಿಗೆ ಸೊಸೆಯಾಗಿ ಬಂದು, ಬಂದಾಗಿನಿಂದ ಕಾಯಿಪಲ್ಲೆ ಮಾರಿದವಳು. ಯಾರ ಮಗ ಯಾರು, ಯಾವ ಮದುವೆಯಲ್ಲಿ ಯಾರು ಸಿಟ್ಟಿಗೆದ್ದು ಉಣ್ಣದೆ ಹೋದರು, ಎಲ್ಲ ಅವಳಿಗೆ ಬಾಯಿಪಾಠ. ಅವಳ ಮಗ ಶ್ರೀಶೈಲಪ್ಪ ಅದೇ ರಸ್ತೆಯಲ್ಲಿ ಗೊಬ್ಬರ ಬೀಜದ ದೊಡ್ಡ ಅಂಗಡಿ ಇಟ್ಟವನು. “ಯವ್ವಾ, ಇನ್ನ ಬುಟ್ಟಿ ಸಾಕ್ ಮಾಡು, ಮಂದಿ ನನಗ ನಗ್ತಾರ,” ಎಂದು ಅವನು ಹೇಳಿ ಹೇಳಿ ಸೋತಿದ್ದ. “ನಗೂ ಮಂದಿಗೆ ಪಲ್ಲೆ ಬ್ಯಾಡೇನು?” ಎಂದು ಅವಳು ಕೇಳುತ್ತಿದ್ದಳು.

“ಆಯಿ, ನಿನ್ನ ಚಿತ್ರ ತೆಗಿಲೇನು?” ಎಂದು ಫಿರದೋಸ ಕೇಳಿದಾಗ ಗುಂಡವ್ವ ಕಣ್ಣೆತ್ತಿಯೂ ನೋಡಲಿಲ್ಲ. “ತೆಗಿಯವ್ವಾ, ನನ್ನ ಗಂಟೇನ್ ಹೋಗತೈತಿ,” ಎಂದಳು. ಕಾಗದದ ಮೇಲೆ ತೆಗೆಯುತ್ತಾಳೆ ಎಂದುಕೊಂಡಿದ್ದಳು ಪಾಪ. ಗೋಡೆಗೆ ಅಟ್ಟಣಿಗೆ ಕಟ್ಟಿ, ಮೊದಲು ಸೆರಗಿನ ಅಂಚು, ಆಮೇಲೆ ವಿಭೂತಿಯ ಹಣೆ, ಆಮೇಲೆ ಒಂದೊಂದೇ ಸುಕ್ಕು ಎದ್ದು ಬರತೊಡಗಿದಾಗ ರಸ್ತೆಯ ಆಚೆಯಿಂದ ನೋಡುತ್ತಲೇ ಇದ್ದಳು. ಮೂಗುತಿ ಬಂದ ದಿನ ಅವಳಿಗೆ ಗೊತ್ತಾಯಿತು. “ಅಯ್ಯ ಶಿವನೇ, ಇದು ನನ್ನ ಮಾರಿ ಅಲ್ಲೇನು,” ಎಂದು ಮೆಂತ್ಯ ಕೊಳ್ಳಲು ಬಂದವಳನ್ನು ಕೇಳಿದಳು. ಬೇಡ ಅನ್ನಲಿಲ್ಲ. ಅವತ್ತು ಮನೆಗೆ ಹೋಗುವ ಮುಂಚೆ ಗೋಡೆಯ ಎದುರು ಒಂದಿಷ್ಟು ಹೊತ್ತು ನಿಂತು ಹೋದಳು.

ಕೊನೆಗೆ ಜೈನುದ್ದೀನ ಕೆಲಸ ನೋಡಲು ಬಂದ. ಕೈ ಹಿಂದಕ್ಕೆ ಕಟ್ಟಿಕೊಂಡು ಆ ತುದಿಯಿಂದ ಈ ತುದಿಗೆ ನಡೆದ.

“ಎಡಗಣ್ಣು ಒಂಚೂರು ಸಣ್ಣದಾಗೇತಿ ಮಗಳ.”

“ಆಯಿದು ಸಣ್ಣದ ಐತಿ ಅಪ್ಪಾ. ಮಂದೀನ ಹಂಗ ನೋಡ್ತಾಳ.”

ಜೈನುದ್ದೀನ ತಿರುಗಿ ರಸ್ತೆಯ ಆಚೆ ನೋಡಿದ. ಗುಂಡವ್ವ ಅದೇ ಕಣ್ಣು ಸಣ್ಣ ಮಾಡಿ ಅವನನ್ನೇ ನೋಡುತ್ತಿದ್ದಳು. ಅವನು ಟೊಪ್ಪಿಗೆ ಸರಿಮಾಡಿಕೊಂಡು, ಮತ್ತೆ ಮಾತಿಲ್ಲದೆ ಮನೆಯ ದಾರಿ ಹಿಡಿದ. ಅಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಫಿರದೋಸ ಕೇಳಿದ್ದಿಲ್ಲ. ಅಟ್ಟಣಿಗೆಯ ಮೇಲೆ ಕುಳಿತೇ ಆಕೆ ನಕ್ಕಳು.

ಇನ್ನು ಉದ್ಘಾಟನೆ. ಅರುಣಕುಮಾರನ ಕೈಗೆ ಮಾಲೆ ಬಂದರೆ ಎದುರಿಗೆ ಏನಿದ್ದರೂ ಹಾಕಿಯೇ ಅವನಿಗೆ ರೂಢಿ. ಗೋಡೆಗೆ ಮೊಳೆ ಹೊಡೆಸಿ ಗುಂಡವ್ವನ ಹಣೆಯ ಮೇಲಿನಿಂದ ಚೆಂಡುಹೂವಿನ ಮಾಲೆ ಇಳಿಬಿಟ್ಟ, ಕೈಮುಗಿದ, ಫೋಟೊ ತೆಗೆಸಿಕೊಂಡ. ಫಿರದೋಸ ಖುಷಿಯಲ್ಲಿ ಪಕ್ಕಕ್ಕೇ ನಿಂತಿದ್ದಳು. ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ ನೋಡಿ. ನಮ್ಮ ಕಡೆ ಚಿತ್ರಕ್ಕೆ ಮಾಲೆ ಬಿತ್ತೆಂದರೆ ಚಿತ್ರದೊಳಗಿನವರು ಹೋದರೆಂದೇ ಅರ್ಥ. ಆ ಫೋಟೊ ವಾಟ್ಸಪ್ಪಿಗೆ ಬಿತ್ತು. ಯಾರೋ ಪುಣ್ಯಾತ್ಮ ಕೆಳಗೆ “ಓಂ ಶಾಂತಿ” ಎಂದು ಬರೆದ. ಒಬ್ಬ ಬರೆದ ಮೇಲೆ ಕೇಳಬೇಕೆ, ಹಿಂದೆಯೇ ಸಾಲುಸಾಲು ಕೈಮುಗಿದ ಚಿತ್ರಗಳು. ಮಧ್ಯಾಹ್ನದೊಳಗೆ ಸುದ್ದಿ ದೇವಣಗಾಂವ ಮುಟ್ಟಿತು.

ಇಳಿಹೊತ್ತಿಗೆ ಒಂದು ಟೆಂಪೋ ಬಂದು ಗೋಡೆಯ ಮುಂದೆ ನಿಂತಿತು. ಗುಂಡವ್ವನ ತಂಗಿ ಚನ್ನವ್ವ, ಬೀಗರು ನೆಂಟರನ್ನೆಲ್ಲ ಕರೆದುಕೊಂಡು, ಹೆಣಕ್ಕೆ ಹೊದಿಸುವ ಹೊಸ ಅರಿವೆ ತೆಗೆದುಕೊಂಡು ಅಕ್ಕನ ಮಣ್ಣಿಗೆ ಬಂದಿದ್ದಳು. ಗೋಡೆಯ ಮೇಲಿನ ಅಕ್ಕನನ್ನು ಕಂಡದ್ದೇ ತಡ, ಟೆಂಪೋದಿಂದಿಳಿದು ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು. “ನನ್ನ ಬಿಟ್ಟು ಹ್ಯಾಂಗ ಹೋದೆಯಕ್ಕಾ, ಒಂದ ಮಾತ ಹೇಳದ ಹೋದೆಯಕ್ಕಾ...” ಉಳಿದವರು ದನಿ ಕೂಡಿಸಿದರು. ಸಂದಣಿ ಸೇರಿತು. ಗುಂಡವ್ವ ರಸ್ತೆ ದಾಟಿ ಬಂದು, ಜನರನ್ನು ಸರಿಸಿ, ತಂಗಿಯ ಹೆಗಲು ಮುಟ್ಟಿದಳು.

“ಯಾರ ಹೋದ್ರ ಚನ್ನಿ?”

“ನೀನ ಹೋದೆಲ್ಲ ನನ್ನಕ್ಕಾ...” ಎಂದು ಚನ್ನವ್ವ ತಲೆಯೆತ್ತದೆ ಅದೇ ರಾಗದಲ್ಲಿ ಹೇಳಿದಳು. ಆಮೇಲೆ ತಲೆಯೆತ್ತಿದಳು. ನೀರು ಚಿಮುಕಿಸಿ ಎಬ್ಬಿಸಬೇಕಾಯಿತು.

“ಬಂದದ್ದ ಬಂದೀರಿ, ಉಂಡು ಹೋಗ್ರಿ,” ಎಂದು ಗುಂಡವ್ವ ಎಲ್ಲರನ್ನೂ ಮನೆಗೆ ಕಳಿಸಿದಳು. ತಂದ ಅರಿವೆಯನ್ನು ತಾನೇ ಇಸಿದುಕೊಂಡಳು, “ನಾಳಿಗೆ ಬೇಕಾಗತೈತಿ, ಇಲ್ಲೇ ಇರ್ಲಿ,” ಎಂದು. ಊರು ಎರಡು ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅರುಣಕುಮಾರ ಯಾವುದೋ ಮದುವೆಯ ನೆಪ ಹೇಳಿ ಊರುಬಿಟ್ಟ.

ನಗದವನು ಶ್ರೀಶೈಲಪ್ಪ ಒಬ್ಬನೇ. ಮರುದಿನ ಸಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ಫಿರದೋಸಳನ್ನು ತರುಬಿದ.

“ತಂಗಿ, ಅದನ್ನ ಅಳಿಸಿಬಿಡು. ಬದಕಿದ್ದವರನ್ನ ಗ್ವಾಡಿಗೆ ಏರಿಸಿದ್ರ ಹಿಂಗ ಆಗೂದು.”

“ಮಾಲಿ ಹಾಕಿದ್ದು ತಪ್ಪಾತ್ರಿ ಅಣ್ಣಾರ. ಮೊಳಿ ಸೈತ ಕಿತ್ತೇನಿ. ಚಿತ್ರದ್ದೇನು ತಪ್ಪು?”

ಶ್ರೀಶೈಲಪ್ಪ ಆಚೀಚೆ ನೋಡಿ ದನಿ ತಗ್ಗಿಸಿದ. “ಅದಲ್ಲ ತಂಗಿ. ಅದು ಎಂಥಾ ಗ್ವಾಡಿ ಅನ್ನೂದು ನಿನಗ ಗೊತ್ತಿಲ್ಲೇನು? ನಾಳೆ ಸಂತಿ. ಹಳ್ಳಿ ಮಂದಿ ಬರ್ತಾರ, ಕುಡದವರು ಬರ್ತಾರ. ಯಾವನರ ಬಂದು ನಮ್ಮವ್ವನ ಮುಖದ ಮುಂದ ನಿಂತು...” ಅವನ ಕಣ್ಣು ತುಂಬಿತ್ತು.

ಗುಂಡವ್ವನ ಮುಖ ಕಂಡರೆ ಯಾರೂ ನಿಲ್ಲುವುದಿಲ್ಲ ಎಂದು ಫಿರದೋಸ ನಂಬಿದ್ದಳು, ಆದರೆ ಒಬ್ಬ ನಿಂತರೆ ಏನು ಎಂದು ಯೋಚಿಸಿರಲಿಲ್ಲ. ದೇವರಾದರೆ ಹೇಗೋ ಸಹಿಸಿಕೊಂಡಾನು. ಇವಳು ದಿನಾ ಬಂದು ಎದುರಿಗೆ ಕೂರುವ ಹೆಣ್ಣುಮಗಳು. ಅವಳ ಕಣ್ಣೆದುರೇ ಅವಳ ಮುಖದ ಮೇಲೆ ಹಾಗಾದರೆ ಆ ಪಾಪ ಬರೆದವಳ ತಲೆಗೇ. ಸೀದಾ ಗುಂಡವ್ವನ ಹತ್ತಿರ ಹೋಗಿ ಎಲ್ಲ ಹೇಳಿದಳು.

ಗುಂಡವ್ವ ಒಣಗಿದ ಎಲೆ ಆರಿಸುತ್ತ ಕೇಳಿಸಿಕೊಂಡಳು. “ಸಂತಿ ಆಗ್ಲಿ,” ಎಂದಳು. “ಒಬ್ಬನರ ನಿಂತ್ರ ನೀನ ನಿನ್ನ ಕೈಯಾರೆ ಸುಣ್ಣ ಬಳದ್ಬಿಡು. ಯಾರೂ ನಿಲ್ಲಲಿಲ್ಲಂದ್ರ ಅದು ಅಲ್ಲೇ ಇರ್ಲಿ. ನನ್ನ ಮಗಗೂ ಹಂಗ ಹೇಳು.”

ಶ್ರೀಶೈಲಪ್ಪ ಒಪ್ಪಿದ. ಸುಣ್ಣದ ಬಕೆಟ್ಟನ್ನು ತಾನೇ ತಂದು ಅಂಗಡಿಯ ಮುಂದಿಟ್ಟ.

ಸಂತೆಯ ದಿನ ಫಿರದೋಸ ಸಾಲೆಗೆ ರಜೆ ಹಾಕಿ ಗುಂಡವ್ವನ ಬುಟ್ಟಿಯ ಪಕ್ಕ ಬಂದು ಕುಳಿತಳು. ಹೊತ್ತೇರಿದಂತೆ ಮಂದಿ ಬರತೊಡಗಿದರು. ಪಂಚೆ ಎತ್ತಿಕೊಂಡೇ ಬಂದ ಒಬ್ಬ ಯಜಮಾನ ಗೋಡೆಯ ಹತ್ತಿರ ಬಂದು ತಲೆಯೆತ್ತಿದ, ಪಂಚೆ ಕೆಳಗೆ ಬಿಟ್ಟ, ಚಿತ್ರ ನೋಡಲೆಂದೇ ಬಂದವನ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು ತಲೆದೂಗಿದ. ಇನ್ನೊಬ್ಬ ಹತ್ತಿರಕ್ಕೂ ಬರದೆ ದೂರದಿಂದಲೇ ದಾರಿ ಬದಲಿಸಿದ. ಕುಡಿದವನೊಬ್ಬ ತೂರಾಡುತ್ತ ಬಂದಾಗ ಫಿರದೋಸ ಸುಣ್ಣದ ಬಕೆಟ್ಟಿನ ಕಡೆ ನೋಡಿದಳು. ಅವನು ಗೋಡೆಗೆ ಕೈಯೂರಿ, ಮುಖ ಮೇಲೆತ್ತಿ, ಬಹಳ ಹೊತ್ತು ಗುಂಡವ್ವನನ್ನು ದಿಟ್ಟಿಸಿದ. “ಇಲ್ಲವ್ವಾ, ಇವತ್ತ ಒಂದ ಕುಡದೇನಿ, ಮನಿಗೇ ಹೊಂಟೇನಿ,” ಎಂದು ಒಪ್ಪಿಸಿ, ತಿರುವಿನ ಕಡೆ ನಡೆದ. ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಗುಂಡವ್ವ ಮಾತ್ರ, “ಅಂವ ಗಾಣಿಗೇರ ಓಣಿಯವ, ಅಂವನ ಮನಿ ಆ ಕಡಿ ಇಲ್ಲ, ಮನಿಗೆ ಹೋಗಂಗಿಲ್ಲ,” ಎಂದಳು.

ಸಂಜೆಯಾಗುತ್ತ ಬಂತು. ಗೋಡೆ ಒಣಗಿಕೊಂಡೇ ಇತ್ತು. ಫಿರದೋಸಳಿಗೆ ಹೋದ ಜೀವ ಬಂದಂತಾಯಿತು. ಚಹಾ ತರಿಸಿದಳು. ಗೆದ್ದೆ ಎಂದು ಅವಳಿಗೆ ಖಾತ್ರಿಯಾಗಿತ್ತು, ಗೆದ್ದವರ ಹಾಗೆ ಕಾಲು ಚಾಚಿ ಕುಳಿತಳು.

ಅಷ್ಟರಲ್ಲಿ ಶ್ರೀಶೈಲಪ್ಪ ಅಂಗಡಿಯಿಂದ ಹೊರಬಿದ್ದ. ಸಂತೆಯ ಗಿರಾಕಿಗಳ ಗದ್ದಲದಲ್ಲಿ ಬೆಳಗಿನಿಂದ ಮೇಲೆದ್ದಿರಲಿಲ್ಲ. ಕಿವಿಗೂ ಹೆಗಲಿಗೂ ನಡುವೆ ಫೋನು ಸಿಗಿಸಿಕೊಂಡು, ಯಾವುದೋ ಬೀಜದ ಚೀಲದ ಬಗ್ಗೆ ಜೋರಾಗಿ ಮಾತಾಡುತ್ತ ರಸ್ತೆ ದಾಟಿದ. ನೋಡದೆಯೇ, ತಿಳಿಯದೆಯೇ, ಕಾಲು ಕರೆದುಕೊಂಡು ಹೋದಲ್ಲಿಗೆ ಹೋದ. ಗೋಡೆಯ ತುದಿಗೆ ಒಂದು ಬೇವಿನ ಗಿಡವಿದೆ, ಅದರ ಮರೆಗೆ ಹೋಗಿ ನಿಂತ. ಕೈ ಪ್ಯಾಂಟಿಗೆ ಹೋಯಿತು. ಆಮೇಲೆ ತಲೆಯೆತ್ತಿದ.

ಫಿರದೋಸ ದಡಕ್ಕನೆ ಏಳಹೋದಳು. ಗುಂಡವ್ವ ಅವಳ ಮುಂಗೈ ಹಿಡಿದು ಕೂರಿಸಿದಳು. ಮುದುಕಿಯ ಕೈ ಗಟ್ಟಿಯಾಗಿತ್ತು.

ಫೋನಿನಲ್ಲಿದ್ದವನು “ಹಲೋ, ಹಲೋ” ಎನ್ನುತ್ತಲೇ ಇದ್ದಿರಬೇಕು. ಶ್ರೀಶೈಲಪ್ಪನಿಗೆ ಅದು ಕೇಳಿಸಲಿಲ್ಲ. ತಾಯಿಯ ಮುಖ ನೋಡುತ್ತ ನಿಂತೇ ಇದ್ದ. ಆಮೇಲೆ ಕೈ ಕೆಳಗೆ ಬಿಟ್ಟು, ತಿರುಗಿ, ರಸ್ತೆ ದಾಟಿ ಬಂದು ಬುಟ್ಟಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತ.

“ಯವ್ವಾ, ನಾ ನಿಂತೆ. ಮಾತಿನ ಪ್ರಕಾರ ಸುಣ್ಣ ಬಳಿಬೇಕು. ತಂಗಿ, ಬಳದ್ಬಿಡು.”

ಫಿರದೋಸಳ ಇಷ್ಟು ದಿನದ ಕೆಲಸ ಈಗ ಮುದುಕಿಯ ನಾಲಗೆಯ ಮೇಲಿತ್ತು. ಗುಂಡವ್ವ ಮಗನನ್ನು ಆ ಎಡಗಣ್ಣು ಸಣ್ಣ ಮಾಡಿ ನೋಡಿದಳು.

“ನಾ ಮದಲ ಆ ಬೇವಿನ ನೆರಳಾಗ ಕುಂಡ್ರತಿದ್ದೆ. ನೀ ಸಣ್ಣಾವಿದ್ದಾಗ ನನ್ನ ಬಾಜೂಕ ಮಲಗತಿದ್ದಿ. ಅಲ್ಲಿಂದ ಎದ್ದು ಈ ಬಿಸಲಿಗೆ ಯಾಕ ಬಂದೆ, ಗೊತ್ತೈತೇನು?”

ಶ್ರೀಶೈಲಪ್ಪ ಬೇವಿನ ಗಿಡದ ಕಡೆ ತಿರುಗಿದ.

“ನಿಲ್ಲೂ ಮಂದಿನೆಲ್ಲ ಬೈದು ಓಡಸ್ತಿದ್ದೆ. ನನ್ನ ಬಾಯಿ ಏನ್ ಸಣ್ಣದೈತೇನು? ಒಂದಿನ ನೀನೂ ಬಂದು ನಿಂತಿ, ನಾ ಅಲ್ಲಿ ಕುಂತದ್ದು ನಿನಗ ಕಾಣಲಿಲ್ಲ. ಮಗನ್ನ ಊರ ಮುಂದ ಹ್ಯಾಂಗ ಬೈಲಿ? ನಾನ ಬುಟ್ಟಿ ಎತ್ತಿಕೊಂಡು ಈ ಕಡಿ ಬಂದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕೇಳುವವರಿಗೆ ಕಷ್ಟವಾಯಿತು. ಫಿರದೋಸಳಿಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಶ್ರೀಶೈಲಪ್ಪ ತಾಯಿಯ ಪಾದ ಮುಟ್ಟಲು ಹೋದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

“ಅದೆಲ್ಲ ಇರ್ಲಿ. ಇವತ್ತ ನಿಂತಿ ಖರೆ, ತಲಿ ಎತ್ತಿ ನೋಡಿ ವಾಪಸ್ ಬಂದಿ. ಸುಣ್ಣ ಬ್ಯಾಡ. ನಾಳಿಂದ ನಾ ಅಲ್ಲೇ ಕುಂಡ್ರತೇನಿ.”

ಶ್ರೀಶೈಲಪ್ಪ ಎದ್ದ. ಸುಣ್ಣದ ಬಕೆಟ್ಟನ್ನು ಚರಂಡಿಗೆ ಸುರಿದು, ಅದನ್ನೇ ತೊಳೆದು ನೀರು ತುಂಬಿದ. ಅಂಗಡಿಯ ಆಳು ಓಡಿ ಬಂದು ಕೈಹಾಕಿದರೆ, “ಬಿಡು, ನಾನ ಮಾಡ್ತೇನಿ,” ಎಂದ. ಸಂತೆ ಮುಗಿಸಿ ಹೊರಟ ಮಂದಿ ನಿಂತು ನೋಡತೊಡಗಿದರು. ಊರ ದೊಡ್ಡ ಗೊಬ್ಬರದಂಗಡಿಯ ಸಾವಕಾರ ಪ್ಯಾಂಟು ಮಡಚಿಕೊಂಡು, ಒಂದು ಕೈಯಲ್ಲಿ ಕಸಬರಿಗೆ ಹಿಡಿದು, ಗಿರಣಿ ಗೋಡೆಯ ಬುಡಕ್ಕೆ ನೀರು ಹಾಕಿ ಹಾಕಿ ತಿಕ್ಕುತ್ತಿದ್ದ. ಯಾರೂ ನಗಲಿಲ್ಲ. ಫಿರದೋಸ ಹೋಗಿ ಇನ್ನೊಂದು ಕೊಡ ತುಂಬಿ ತಂದು ಅವನ ಪಕ್ಕಕ್ಕಿಟ್ಟಳು.

ಗುಂಡವ್ವ ಕುಳಿತಲ್ಲಿಂದಲೇ ರಸ್ತೆಯಾಚೆಗೆ ಕೂಗಿ ಹೇಳಿದಳು:

“ಬೇವಿನ ಬುಡಕ ಒಂದೆರಡು ಕೊಡ ಹೆಚ್ಚಿಗಿ ಹಾಕು. ನೀ ನಿಲ್ಲತಿದ್ದದ್ದು ಅಲ್ಲೇ.”